ಮಂಚದ ಕೆಳಗೆ ಎಷ್ಟು ಡಬ್ಬ? ಮನೆಮನೆ ಮಾರಾಟಕ್ಕೆ ಇಳಿಯುವ ಮುಂಚೆ ಒಂದು ಹೋಲಿಕೆ

ಹೋದ ತಿಂಗಳು ನಮ್ಮ ಬೀದಿಯ ಹುಡುಗಿಯೊಬ್ಬಳು ಮಗುವನ್ನು ಎತ್ತಿಕೊಂಡು ಮನೆಗೆ ಬಂದಳು. "ಅಕ್ಕಾ, ಮೂರು ಕಡೆಯಿಂದ ಕರೀತಿದ್ದಾರೆ. ಒಬ್ಬರು ಅಡುಗೆಮನೆ ಡಬ್ಬ ಮಾರೋರು. ಒಬ್ಬರು ಪ್ರೋಟೀನ್ ಪುಡಿಯವರು. ಇನ್ನೊಬ್ಬರು ಎಲ್‌ಐಸಿ ಏಜೆಂಟ್ ಆಗು ಅಂತಾರೆ. ನೀವು ಹತ್ತು ವರ್ಷದಿಂದ ಮಾರ್ತಿದ್ದೀರಲ್ಲ, ಯಾವುದಕ್ಕೆ ಸೇರಲಿ?" ಎಂದು ಕೇಳಿದಳು.

ನಾನು ತಕ್ಷಣ ಏನೂ ಹೇಳಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಮಂಚದ ಕೆಳಗಿನಿಂದ ಎರಡು ರಟ್ಟಿನ ಪೆಟ್ಟಿಗೆ ಎಳೆದು ತೋರಿಸಿದೆ. 2015ರಲ್ಲಿ ಕೊಂಡ ಮಾಲು. ಕಲ್ಲಿನಂತೆ ಗಟ್ಟಿಯಾದ ಪುಡಿ, ತೆರೆಯದ ಶಾಂಪೂ, ತಾರೀಕು ಮುಗಿದ ಮಾತ್ರೆ ಡಬ್ಬಿಗಳು. ಬಿಲ್ಲುಗಳನ್ನು ಕೂಡಿಸಿದರೆ 18,400 ರೂಪಾಯಿ. ಆಗ ಅದು ನಮ್ಮ ಮನೆಯ ಮೂರು ತಿಂಗಳ ಬಾಡಿಗೆ.

ಅವತ್ತಿನಿಂದ ನನ್ನ ಹೋಲಿಕೆಯ ಅಳತೆ ಒಂದೇ. ಕಮಿಷನ್ ಎಷ್ಟು ಪರ್ಸೆಂಟ್ ಎಂದು ನಾನು ಮೊದಲು ಕೇಳುವುದಿಲ್ಲ. ಮಾಲು ಎಲ್ಲಿ ಕೂರುತ್ತದೆ, ಯಾರ ದುಡ್ಡಿನಲ್ಲಿ ಕೂರುತ್ತದೆ, ಎಷ್ಟು ದಿನ ಕೂರುತ್ತದೆ? ಈ ಮೂರನ್ನೇ ಕೇಳುತ್ತೇನೆ. ಎಲ್ಲ ದಾರಿಗಳನ್ನೂ ಈ ಅಳತೆಯಲ್ಲೇ ಅಳೆದು ಹೇಳುತ್ತೇನೆ.

ಕ್ಯಾಟಲಾಗ್ ಮತ್ತು ಡೆಮೊ

ಇದು ಎಲ್ಲಕ್ಕಿಂತ ಸರಳವಾದದ್ದು. ಕಂಪನಿಯ ಪುಸ್ತಕ ತೋರಿಸಿ ಆರ್ಡರ್ ತೆಗೆದುಕೊಳ್ಳುವುದು, ಇಲ್ಲವೇ ಒಬ್ಬರ ಮನೆಯಲ್ಲಿ ಏಳೆಂಟು ಜನರನ್ನು ಸೇರಿಸಿ ಡೆಮೊ ಕೊಡುವುದು. ಒರಿಫ್ಲೇಮ್ 1995ರಲ್ಲಿ, ಟಪ್ಪರ್‌ವೇರ್ 1996ರಲ್ಲಿ ನಮ್ಮ ದೇಶಕ್ಕೆ ಬಂದವು. ಆಮೇಲೆ ಈ ಪದ್ಧತಿ ನಮ್ಮ ಹೆಂಗಸರಿಗೆ ಚೆನ್ನಾಗಿ ಒಗ್ಗಿತು. ಚೀಟಿ ಎತ್ತುವ ದಿನ ಹೇಗೂ ಎಲ್ಲ ಸೇರುತ್ತಾರೆ. ಅಲ್ಲೇ ಡಬ್ಬದ ಮುಚ್ಚಳ ಹಾಕಿ, ತಲೆಕೆಳಗು ಮಾಡಿ, ಒಂದು ತೊಟ್ಟೂ ಸೋರಲ್ಲ ನೋಡಿ ಎಂದು ತೋರಿಸಿದರೆ ಆಯಿತು.

ಇದರ ಒಳ್ಳೆಯ ಗುಣವೆಂದರೆ ಮೊದಲು ಆರ್ಡರ್, ಆಮೇಲೆ ಮಾಲು. ಡೆಮೊಗೆ ಬೇಕಾದ ನಾಲ್ಕು ಡಬ್ಬ ಬಿಟ್ಟರೆ ಮಂಚದ ಕೆಳಗೆ ಏನೂ ಇರಬೇಕಾಗಿಲ್ಲ. ತಪ್ಪು ನಡೆಯುವುದು ಆಫರ್ ಬಂದಾಗ. "ಈ ತಿಂಗಳು 5,000ದ ಮಾಲು ಎತ್ತಿದರೆ ಕುಕ್ಕರ್ ಫ್ರೀ" ಎನ್ನುತ್ತಾರೆ. ಕೈಯಲ್ಲಿ 3,000ದ ಆರ್ಡರ್ ಇರುತ್ತದೆ. ಉಳಿದ 2,000ವನ್ನು ನಾವೇ ಹಾಕುತ್ತೇವೆ. ಹೀಗೆ ಬಂದ ಕುಕ್ಕರ್ ಫ್ರೀ ಅಲ್ಲ, ಅಲ್ವಾ? ಅಂಗಡಿಯಲ್ಲಿ ಅದೇ ಕುಕ್ಕರ್ ಎಷ್ಟಕ್ಕೆ ಸಿಗುತ್ತದೆ ಎಂದು ಒಂದು ಸಲ ನೋಡಿ.

ಲಾಭದ ಲೆಕ್ಕವನ್ನೂ ಮೊದಲೇ ಬರೆದಿಡಿ. ಉದಾಹರಣೆಗೆ ನಿಮಗೆ 20% ಬಿಡುತ್ತಾರೆ ಅಂದುಕೊಳ್ಳಿ. ತಿಂಗಳಿಗೆ 10,000ದ ಮಾಲು ಮಾರಿದರೆ ಕೈಗೆ 2,000. ಅದರಲ್ಲಿ ಆಟೊ, ಕವರ್, ಡೆಮೊ ದಿನದ ಕಾಫಿ ತಿಂಡಿ ಕಳೆಯಿರಿ. ಸಂಬಳ ಎನ್ನುವಷ್ಟು ಉಳಿಯುವುದಿಲ್ಲ. ಮನೆಯ ಗ್ಯಾಸು, ಹಾಲಿನ ಖರ್ಚಿಗೆ ಆಗುತ್ತದೆ. ಅಷ್ಟು ಸಾಕು ಎನ್ನುವವರಿಗೆ ಇದು ನೆಮ್ಮದಿಯ ದಾರಿ.

ಇನ್ನೊಂದು ವಿಷಯ. 2024ರ ಸೆಪ್ಟೆಂಬರಿನಲ್ಲಿ ಟಪ್ಪರ್‌ವೇರ್‌ನ ಮೂಲ ಕಂಪನಿ ಅಮೆರಿಕದ ಕೋರ್ಟಿನಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಅಷ್ಟು ಹಳೆಯ, ಅಷ್ಟು ಮನೆಗಳಲ್ಲಿದ್ದ ಹೆಸರು. ಗಿರಾಕಿಗೆ ಗ್ಯಾರಂಟಿ ಎನ್ನುವ ಮಾತು ಕೊಡುವಾಗ ಇದು ನೆನಪಿರಲಿ. ಮುಚ್ಚಳ ಒಡೆದರೆ ಅವರು ಹುಡುಕಿಕೊಂಡು ಬರುವುದು ನಿಮ್ಮ ಮನೆ ಬಾಗಿಲಿಗೆ. ಕಾರ್ಡಿನಲ್ಲಿ ಬರೆದಷ್ಟನ್ನೇ ಹೇಳಿ.

ಟೀಮ್ ಕಟ್ಟುವ ಕಂಪನಿಗಳು

ಆ ಎರಡು ಪೆಟ್ಟಿಗೆ ಬಂದದ್ದು ಈ ದಾರಿಯಲ್ಲಿ. ಕಂಪನಿಯ ಹೆಸರು ಬೇಡ. ಆದದ್ದು ಹೇಗೆ ಎನ್ನುವುದು ತಿಳಿದರೆ ಸಾಕು.

ಇಲ್ಲಿ ಎರಡು ಆದಾಯ ಇರುತ್ತದೆ. ಒಂದು ನೀವು ಮಾರಿದ ಮಾಲಿನ ಲಾಭ. ಇನ್ನೊಂದು ನಿಮ್ಮ ಕೆಳಗೆ ಸೇರಿದವರು, ಅಂದರೆ ಡೌನ್‌ಲೈನ್, ಮಾಡಿದ ವ್ಯಾಪಾರದ ಮೇಲೆ ಸಿಗುವ ಕಮಿಷನ್. ಪ್ರತಿ ಮಾಲಿಗೂ ಇಷ್ಟು ಪಾಯಿಂಟ್ ಎಂದು ಇರುತ್ತದೆ. ಎರಡನೆಯ ಆದಾಯ ಬೇಕಾದರೆ ತಿಂಗಳಿಗೆ ನಿಮ್ಮ ಸ್ವಂತ ಪಾಯಿಂಟ್ ಇಷ್ಟು ಆಗಿರಬೇಕು ಎಂದೂ ಸಾಮಾನ್ಯವಾಗಿ ಇರುತ್ತದೆ. ಪೆಟ್ಟಿಗೆ ತುಂಬುವುದು ಇಲ್ಲೇ.

ಪ್ರತಿ ತಿಂಗಳು 28, 29ನೇ ತಾರೀಕಿಗೆ ನನ್ನ ಅಪ್‌ಲೈನ್, ಅಂದರೆ ನನ್ನನ್ನು ಸೇರಿಸಿದವರು, ಫೋನ್ ಮಾಡುತ್ತಿದ್ದರು. ತುಂಬ ಪ್ರೀತಿಯಿಂದಲೇ ಮಾತಾಡುತ್ತಿದ್ದರು. "ಇನ್ನು ಸ್ವಲ್ಪ ಪಾಯಿಂಟ್ ಬಾಕಿ ಇದೆ, ಇಷ್ಟು ದೂರ ಬಂದು ಬಿಟ್ಬಿಡ್ತೀರಾ?" ನಾನು ಕೊಳ್ಳುತ್ತಿದ್ದೆ. ಒಂದು ತಿಂಗಳು 3,200 ರೂಪಾಯಿಯ ಮಾಲು ಎತ್ತಿದೆ. ಆ ತಿಂಗಳ ಚೆಕ್ 1,150. ನನಗೆ 1,150 ಬಂತು ಎಂದು ಮನೆಯಲ್ಲೆಲ್ಲ ಹೇಳಿಕೊಂಡೆ. 3,200 ಹೋದದ್ದನ್ನು ಯಾರಿಗೂ ಹೇಳಲಿಲ್ಲ. ಸುಳ್ಳು ಹೇಳಬೇಕು ಅಂತಲ್ಲ. ಅದು ಸ್ಟಾಕು, ಒಂದಲ್ಲ ಒಂದು ದಿನ ಹೋಗುತ್ತದೆ ಎಂದು ಮನಸಾರೆ ನಂಬಿದ್ದೆ.

ನನ್ನ ಕೆಳಗೆ ಸೇರಿದ ಆರು ಜನರಲ್ಲಿ ನಾಲ್ವರು ನೆಂಟರು. ಅವರೂ ಹೀಗೇ ಕೊಳ್ಳುತ್ತಿದ್ದರು. ಆ ಮಾಲು ಹೊರಗಿನ ಯಾರ ಮನೆಗೂ ಹೋಗುತ್ತಿರಲಿಲ್ಲ. ನಮ್ಮ ದುಡ್ಡೇ ನಮ್ಮೊಳಗೆ ಸುತ್ತುತ್ತಿತ್ತು. ಸುತ್ತುವಾಗ ಪ್ರತಿ ಸಲವೂ ಸ್ವಲ್ಪ ಕಡಿಮೆಯಾಗುತ್ತಿತ್ತು. ಇವತ್ತಿಗೂ ನನಗೆ ನೋವಾಗುವುದು ನನ್ನ ಪೆಟ್ಟಿಗೆ ನೋಡಿದಾಗ ಅಲ್ಲ. ಚಿಕ್ಕಮ್ಮನ ಮನೆಯ ಅಟ್ಟದ ಮೇಲೆ ಅದೇ ಲೇಬಲ್ಲಿನ ಪೆಟ್ಟಿಗೆ ನೋಡಿದಾಗ.

ಹಾಗಂತ ಟೀಮ್ ಇರುವ ಕಂಪನಿ ಎಲ್ಲವೂ ಮೋಸ ಎಂದು ನಾನು ಹೇಳುವುದಿಲ್ಲ. ಮಾಲು ಚೆನ್ನಾಗಿದ್ದು, ಸದಸ್ಯರಲ್ಲದವರು ತಿಂಗಳು ತಿಂಗಳು ಕೇಳಿ ಕೊಳ್ಳುತ್ತಿದ್ದರೆ ಅದು ನಿಜವಾದ ವ್ಯಾಪಾರವೇ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ನೋಡಲು ಈಗ ಕಾನೂನಿನ ಸಹಾಯವೂ ಇದೆ. ನಾನು ಸೇರಿದಾಗ ಇಷ್ಟು ಸ್ಪಷ್ಟವಾಗಿ ಇರಲಿಲ್ಲ.

2021ರ ಡಿಸೆಂಬರ್ 28ರಂದು ಕೇಂದ್ರ ಸರ್ಕಾರ ನೇರ ಮಾರಾಟಕ್ಕೆಂದೇ ಗ್ರಾಹಕ ರಕ್ಷಣೆ ನಿಯಮಗಳನ್ನು ಹೊರಡಿಸಿತು. ಅದರ ಪ್ರಕಾರ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ಯೋಜನೆ ನಡೆಸುವಂತಿಲ್ಲ. ಸೇರಲು ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನಿಮ್ಮ ಜೊತೆ ಬರವಣಿಗೆಯ ಒಪ್ಪಂದ ಆಗಬೇಕು. ಸೇರಿದ ಮೇಲೆ ಮನಸ್ಸು ಬದಲಾದರೆ ಇಂತಿಷ್ಟು ದಿನದೊಳಗೆ ದಂಡವಿಲ್ಲದೆ ಹೊರಬರಲು ಅವಕಾಶ ಇರಬೇಕು. ಕಂಪನಿಗೆ ಭಾರತದಲ್ಲಿ ನೋಂದಾಯಿತ ಕಚೇರಿ, ದೂರು ಕೇಳುವ ಅಧಿಕಾರಿ, ಗ್ರಾಹಕರಿಗೆ ಫೋನ್ ನಂಬರ್ ಎಲ್ಲ ಇರಬೇಕು. ದುಡ್ಡು ಹಾಕಿ, ಜನ ಸೇರಿಸಿ, ದುಡ್ಡು ಎತ್ತುವ ಮನಿ ಚೈನ್ ಅಂತೂ 1978ರ ಕಾಯ್ದೆಯಿಂದಲೇ ಅಪರಾಧ. ಅದಕ್ಕೆ ಜನರನ್ನು ಸೇರಿಸಿದವರ ಮೇಲೂ ಕೇಸು ಬೀಳುತ್ತದೆ.

ಮೀಟಿಂಗಿಗೆ ಕರೆದರೆ ಹೋಗಿ. ಆದರೆ ಅವತ್ತೇ ಸಹಿ ಹಾಕಬೇಡಿ. ಒಪ್ಪಂದದ ಪ್ರತಿ ಕೇಳಿ ಮನೆಗೆ ತನ್ನಿ. "ಉಳಿದ ಮಾಲು ವಾಪಸ್ ತಗೋತೀರಾ, ಎಷ್ಟು ದಿನದೊಳಗೆ, ಎಷ್ಟು ಕಡಿತ ಮಾಡಿ?" ಎಂದು ಕೇಳಿ, ಉತ್ತರ ಆ ಕಾಗದದಲ್ಲಿ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ. ಆಮೇಲೆ ಕರೆದವರನ್ನೇ ಇನ್ನೊಂದು ಮಾತು ಕೇಳಿ. "ನಿಮ್ಮ ಟೀಮಿನಲ್ಲಿ ಇಲ್ಲದ ಎಷ್ಟು ಜನ ಹೋದ ತಿಂಗಳು ನಿಮ್ಮ ಹತ್ತಿರ ಕೊಂಡರು?" ಎಷ್ಟು ಜನ ಸೇರಿದರು ಎಂದು ಅವರು ಉತ್ತರ ಕೊಟ್ಟರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಇನ್ನೊಂದು ಸಲ ಕೇಳಿ.

ಪುಡಿ, ಮಾತ್ರೆ ಮಾರುವವರಿಗೆ ಒಂದು ಮಾತು ಕೈಮುಗಿದು ಹೇಳುತ್ತೇನೆ. ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಿಗೂ ಹೇಳಬೇಡಿ. ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಎಂದು ಜಾಹೀರಾತು ಮಾಡುವುದನ್ನು 1954ರ ಕಾಯ್ದೆಯೇ ತಡೆಯುತ್ತದೆ. 2021ರ ನಿಯಮವೂ ಕಂಪನಿ ಒಪ್ಪಿದ ಮಾತು ಬಿಟ್ಟು ಬೇರೆ ಹೇಳಬಾರದು ಎನ್ನುತ್ತದೆ. ಕಾನೂನು ಹಾಗಿರಲಿ. ನನ್ನ ಹತ್ತಿರ ಪುಡಿ ಕೊಂಡ ಒಬ್ಬ ಅಮ್ಮ, ಬಿ.ಪಿ. ಮಾತ್ರೆ ನಿಲ್ಲಿಸಬಹುದಾ ಎಂದು ಕೇಳಿದರು. ಮೀಟಿಂಗಿನಲ್ಲಿ ಯಾರೋ ಹಾಗೆ ಹೇಳಿದ್ದರಂತೆ. ಬೇಡ, ಡಾಕ್ಟರನ್ನು ಕೇಳಿ ಎಂದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಕೇಳದೇ ನಿಲ್ಲಿಸಿದ್ದರೆ? ಆ ವಾರವೇ ನಾನು ಬಿಟ್ಟೆ.

ವಿಮೆ ಏಜೆಂಟ್

ಇಲ್ಲಿ ಮಂಚದ ಕೆಳಗೆ ಏನೂ ಇರುವುದಿಲ್ಲ. ಅದೇ ಇದರ ದೊಡ್ಡ ಲಾಭ. ಹೋಗುವುದು ಕಾಲು ಮತ್ತು ಕಾಲ.

ಹತ್ತನೇ ಕ್ಲಾಸು ಪಾಸಾಗಿರಬೇಕು. 25 ಗಂಟೆಯ ತರಬೇತಿ, ಆಮೇಲೆ ಐಸಿ-38 ಎನ್ನುವ ಪರೀಕ್ಷೆ. ಕನ್ನಡದಲ್ಲೇ ಬರೆಯಬಹುದು. ನನ್ನ ನಾದಿನಿ ಎಂಟು ವರ್ಷದಿಂದ ಏಜೆಂಟ್. ಮೊದಲ ಎರಡು ವರ್ಷ ಅವಳು ಅಳುವುದೊಂದು ಬಾಕಿ. ಈಗ ನೋಡಿದರೆ ಹಳೆಯ ಪಾಲಿಸಿಗಳ ರಿನ್ಯೂವಲ್ ಕಮಿಷನ್ ವರ್ಷ ವರ್ಷ ಬರುತ್ತದೆ. ಡಬ್ಬ ಒಂದು ಸಲ ಮಾರಿದರೆ ಒಂದು ಸಲದ ಲಾಭ. ಪಾಲಿಸಿಯಲ್ಲಿ ಹಾಗಲ್ಲ. ಗಿರಾಕಿ ಕಂತು ಕಟ್ಟುವವರೆಗೂ ನಿಮ್ಮ ಪಾಲು ಬರುತ್ತಿರುತ್ತದೆ. ಅದಕ್ಕೇ ಅವಳು ಕಂತಿನ ತಾರೀಕು ಬರೆದ ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ದಿನಕ್ಕೆ ಎರಡು ನೆನಪಿನ ಫೋನ್ ಮಾಡುತ್ತಾಳೆ.

ಮೊದಲ ವರ್ಷಗಳ ಕಷ್ಟಕ್ಕೆ ಎಲ್‌ಐಸಿಯ ಬಿಮಾ ಸಖಿ ಯೋಜನೆ ಸ್ವಲ್ಪ ಆಸರೆ ಕೊಡುತ್ತದೆ. 2024ರ ಡಿಸೆಂಬರ್ 9ರಂದು ಪಾಣಿಪತ್‌ನಲ್ಲಿ ಪ್ರಧಾನಿ ಇದನ್ನು ಶುರುಮಾಡಿದರು. 18ರಿಂದ 70 ವರ್ಷದ, ಹತ್ತನೇ ಕ್ಲಾಸು ಪಾಸಾದ ಹೆಂಗಸರಿಗೆ. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂಪಾಯಿ. ಕಮಿಷನ್ ಬೇರೆ. ಆದರೆ ಇದು ಸುಮ್ನೆ ಕೊಡುವ ಸಂಬಳ ಅಲ್ಲ. ಮೊದಲ ವರ್ಷ 24 ಪಾಲಿಸಿ ಮಾಡಿಸಬೇಕು, ಅಂದರೆ ತಿಂಗಳಿಗೆ ಎರಡು. ಮುಂದಿನ ವರ್ಷದ ದುಡ್ಡು ಬರಬೇಕಾದರೆ ಅವುಗಳಲ್ಲಿ ಹೆಚ್ಚಿನವು ನಡೆಯುತ್ತಿರಬೇಕು. ಈಗಾಗಲೇ ಏಜೆಂಟ್ ಆಗಿರುವವರ ಹತ್ತಿರದ ಸಂಬಂಧಿಗಳಿಗೆ ಸಿಗುವುದಿಲ್ಲ. ಹಾಗಾಗಿ ನಾದಿನಿಯಿಂದಾಗಿ ನನಗೆ ಸಿಗಲಿಲ್ಲ.

ಒಂದು ಎಚ್ಚರಿಕೆ. "ಮೊದಲ ಕಂತು ನೀವೇ ಕಟ್ಟಿ, ಪಾಲಿಸಿ ಮಾಡಿಸ್ತೀನಿ" ಎಂದು ಕೇಳುವವರು ಊರು ತುಂಬ ಇದ್ದಾರೆ. ಕಟ್ಟುವ ಏಜೆಂಟರೂ ಇದ್ದಾರೆ. ಅದು 1938ರ ವಿಮಾ ಕಾಯ್ದೆಯ 41ನೇ ಕಲಮಿನ ಪ್ರಕಾರ ತಪ್ಪು. 10 ಲಕ್ಷದವರೆಗೆ ದಂಡ ಇದೆ. ದಂಡಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಪುಕ್ಕಟೆ ಸಿಕ್ಕ ಪಾಲಿಸಿಗೆ ಎರಡನೇ ಕಂತು ಕಟ್ಟುವವರು ಕಡಿಮೆ. ನಿಮ್ಮ ಕಮಿಷನ್ನೂ ಹೋಯಿತು, ರಿನ್ಯೂವಲ್ಲೂ ಹೋಯಿತು. 24ರ ಲೆಕ್ಕ ತುಂಬಿಸಲು ಇದೇ ಹಾದಿ ಹಿಡಿದರೆ, ಅದೂ ಪಾಯಿಂಟಿಗಾಗಿ ಶಾಂಪೂ ಕೊಂಡಂತೆಯೇ.

ಹಾಗೆಯೇ ಗಿರಾಕಿಗೆ ಪಾಲಿಸಿ ಕೈಸೇರಿದ ಮೇಲೆ ಇಷ್ಟವಾಗದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು ಎಂದು ನೀವೇ ಬಾಯಿಬಿಟ್ಟು ಹೇಳಿ. ನಾದಿನಿ ಹೇಳುತ್ತಾಳೆ. ಹೇಳಿದ್ದಕ್ಕೇ ಜನ ಅವಳನ್ನು ನಂಬುತ್ತಾರೆ.

ನಿಮ್ಮದೇ ಸೀರೆ ಗಂಟು

ಈ ಹುಡುಗಿಯನ್ನು ಇದಕ್ಕೆ ಯಾರೂ ಕರೆದಿರಲಿಲ್ಲ. ಕರೆಯುವ ಕಂಪನಿ ಇಲ್ಲಿಲ್ಲವಲ್ಲ. ಆದರೆ ನನ್ನ ಕೈ ಹಿಡಿದದ್ದು ಇದೇ. ಇದರಲ್ಲೂ ಮಾಲು ಮಂಚದ ಕೆಳಗೇ ಕೂರುತ್ತದೆ. ಆದರೆ ಅದನ್ನು ಆರಿಸಿದ್ದು ನಾನು, ಬೆಲೆ ಇಟ್ಟದ್ದು ನಾನು. ಹೋಗದಿದ್ದರೆ ಬೆಲೆ ಇಳಿಸುವುದೂ ನನ್ನ ಕೈಯಲ್ಲಿದೆ. ಸೀರೆಗೆ ತಾರೀಕು ಮುಗಿಯುವುದಿಲ್ಲ.

ತುಮಕೂರಿನಿಂದ ಬೆಳಗಿನ ರೈಲು ಹತ್ತಿದರೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಚಿಕ್ಕಪೇಟೆಯಲ್ಲಿ ಇರುತ್ತೇನೆ. ಮೊದಲ ಸಲ ಹತ್ತು ಸೀರೆ ತಂದೆ, ಒಂದೊಂದಕ್ಕೆ 650. ಮಾರಿದ್ದು 850ಕ್ಕೆ. ಎಂಟು ಹೋದವು. ಉಳಿದ ಎರಡನ್ನು ಮುಂದಿನ ಸಲ ಅದೇ ಅಂಗಡಿಯವರು ಬದಲಿಸಿಕೊಟ್ಟರು. ಕೊಳ್ಳುವ ಮುಂಚೆಯೇ ಅದನ್ನು ಮಾತಾಡಿಕೊಂಡಿದ್ದೆ. ಹೊಸಬರು ಇದೊಂದನ್ನು ಮರೆಯುತ್ತಾರೆ. ಬೆಲೆಯಲ್ಲಿ ಹತ್ತು ರೂಪಾಯಿ ಇಳಿಸಲು ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ, ಬದಲಿಸಿಕೊಡುತ್ತೀರಾ ಎಂದು ಕೇಳುವುದಿಲ್ಲ. ದಿನ ಬಳಸುವ ಸೀರೆಗೆ ದೊಡ್ಡಬಳ್ಳಾಪುರದ ಮಗ್ಗದವರ ಹತ್ತಿರವೂ ಹೋಗುತ್ತೇನೆ. ಪವರ್‌ಲೂಮ್ ಸೀರೆ ಅಲ್ಲಿ ನೇರವಾಗಿ ಸಿಗುತ್ತದೆ.

ಕಾಲ ನೋಡಿ ಕೊಳ್ಳಬೇಕು. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿಗಳು ಬೆಲೆ ಇಳಿಸುತ್ತವೆ. ಶ್ರಾವಣ ಬಂದ ಕೂಡಲೇ ವರಮಹಾಲಕ್ಷ್ಮಿ ಹಬ್ಬ. ಆ ಎರಡು ವಾರ ಜನ ತಾವೇ ಫೋನ್ ಮಾಡಿ ಏನಿದೆ ಎಂದು ಕೇಳುತ್ತಾರೆ. ಆಷಾಢದಲ್ಲಿ ತಂದು ಶ್ರಾವಣದಲ್ಲಿ ಮಾರುವುದು ನನ್ನ ವರ್ಷದ ದೊಡ್ಡ ವ್ಯಾಪಾರ. ಗೌರಿ ಹಬ್ಬ, ದಸರಾ, ದೀಪಾವಳಿಯವರೆಗೂ ಕೈ ಆಡುತ್ತದೆ. ಧನುರ್ಮಾಸದಲ್ಲಿ ಏನೂ ತರುವುದಿಲ್ಲ.

ಈ ದಾರಿಯ ಕಾಯಿಲೆ ಉದ್ರಿ. ಮೂರು ಕಂತಿನಲ್ಲಿ ಕೊಡುತ್ತೇನೆ ಎನ್ನುತ್ತಾರೆ. ಎರಡು ಕಂತು ಬರುತ್ತದೆ, ಮೂರನೆಯದಕ್ಕೆ ನಾಲ್ಕು ಸಲ ಅಲೆಯಬೇಕು. ಆಗ ಮಾಲು ನಿಮ್ಮ ಮಂಚದ ಕೆಳಗೆ ಇಲ್ಲ, ಅವರ ಬೀರುವಿನಲ್ಲಿದೆ. ಆದರೆ ದುಡ್ಡು ಇನ್ನೂ ನಿಮ್ಮದೇ. ನನ್ನ ನಿಯಮ ಇಷ್ಟು. ನಾನು ಅಂಗಡಿಗೆ ಕೊಟ್ಟ ಬೆಲೆ ಮೊದಲ ದಿನವೇ ಕೈಗೆ ಬರಬೇಕು. ನನ್ನ ಲಾಭ ಮಾತ್ರ ಕಂತಿನಲ್ಲಿ ಬರಲಿ. 850ರ ಸೀರೆಗೆ 650 ಅವತ್ತೇ, 200 ಮುಂದಿನ ತಿಂಗಳು. ಇದನ್ನು ಒಪ್ಪದವರಿಗೆ ನಗುತ್ತಲೇ ಇಲ್ಲ ಎನ್ನುತ್ತೇನೆ. ನೆಂಟರಿಗೂ ಇದೇ ಮಾತು.

ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರುವವರಿಗೂ ಲೆಕ್ಕ ಹೀಗೇ. ಅದಕ್ಕೆ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ನೋಂದಣಿ ಮಾಡಿಸಿಕೊಳ್ಳಿ.

ಇನ್ನೆರಡು ದಾರಿ

ಆ್ಯಪಿನ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ, ಮೇಲೆ ಸ್ವಲ್ಪ ಲಾಭ ಇಟ್ಟು ಮಾರುವುದು ಒಂದು. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೀಶೋ ಬೆಳೆದದ್ದೇ ಹೀಗೆ ಮಾರಿದ ಹೆಂಗಸರಿಂದ. ಮಾಲು ಇಟ್ಟುಕೊಳ್ಳಬೇಕಾಗಿಲ್ಲ, ಒಳ್ಳೆಯದೇ. ಆದರೆ ಈಗ ಅದೇ ಆ್ಯಪ್ ಗಿರಾಕಿಯ ಫೋನಿನಲ್ಲೂ ಇದೆ. ನೀವು 500 ಎಂದದ್ದನ್ನು ಅವರು 380ಕ್ಕೆ ನೋಡಿರುತ್ತಾರೆ. ಹಳ್ಳಿಯಲ್ಲಿ, ವಯಸ್ಸಾದವರಿಗೆ ಆರ್ಡರ್ ಹಾಕಿಕೊಡುವವರಿಗೆ ಇನ್ನೂ ನಡೆಯುತ್ತದೆ.

ಇನ್ನೊಂದು, ಕಂಪನಿಯ ಸಂಬಳಕ್ಕೆ ಸೇರಿ ಮನೆಮನೆಗೆ ಹೋಗಿ ಡೆಮೊ ಕೊಡುವುದು. ಯುರೇಕಾ ಫೋರ್ಬ್ಸ್ 1982ರಿಂದ ಮನೆ ಬಾಗಿಲಲ್ಲೇ ವ್ಯಾಕ್ಯೂಮ್ ಕ್ಲೀನರ್ ತೋರಿಸಿ ಈ ಕೆಲಸಕ್ಕೆ ಹೆಸರು ತಂದಿತು. ಟಾರ್ಗೆಟ್ ಕಾಟ ಇದೆ. ಆದರೆ ಮಾರಾಟದ ಮಾತು ಕಲಿಯಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಚಿಕ್ಕ ಮಗು ಇಲ್ಲದವರು, ಬೈಕ್ ಓಡಿಸುವವರು ಒಂದು ವರ್ಷ ಮಾಡಿ ನೋಡಬಹುದು.

ಯಾವುದಾದರೂ ಸರಿ, ಮೊದಲು ಇಷ್ಟು

ಪ್ಯಾನ್ ಕಾರ್ಡ್ ಇರಲಿ. ಕಮಿಷನ್ ವರ್ಷಕ್ಕೆ 20,000 ದಾಟಿದರೆ 2% ಟಿಡಿಎಸ್, ಅಂದರೆ ಕೊಡುವ ಮುಂಚೆಯೇ ಕಳೆಯುವ ತೆರಿಗೆ, ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ 20%. ಮನೆಯ ದುಡ್ಡು ಬರುವ ಖಾತೆ ಬೇರೆ, ವ್ಯಾಪಾರದ ಯುಪಿಐ ಖಾತೆ ಬೇರೆ ಮಾಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರಿಗೆ ತೆರಿಗೆ ಇಲಾಖೆಯ ನೋಟಿಸು ಬಂದಾಗ ಎಲ್ಲ ಹೆದರಿದ್ದರು. ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಾವು ಅಲ್ಲಿಗೆ ಹೋಗುವುದು ಇರಲಿ, ಖಾತೆ ಬೇರೆ ಇದ್ದರೆ ನಿಮಗೇ ಲಾಭ ಕಾಣುತ್ತದೆ. ನನಗೆ ಮೊದಲ ಮೂರು ವರ್ಷ ಕಾಣಲೇ ಇಲ್ಲ.

ಕಂಪನಿಯ ಪರವಾಗಿ ಹೋಗುವವರು ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳದೆ ಯಾರ ಮನೆಗೂ ಹೋಗುವಂತಿಲ್ಲ. ಇದೂ ನಿಯಮದಲ್ಲೇ ಇದೆ. ಕೇಳಿ ಹೋದರೆ ಕೂರಿಸಿ ಮಾತಾಡುತ್ತಾರೆ. ಮೋಸ ಆದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ಆ ಹುಡುಗಿಯ ವಿಷಯ. ಒಂದು ಹಾಳೆಯಲ್ಲಿ ನಿನಗೆ ಗೊತ್ತಿರುವ ಮನೆಗಳನ್ನೆಲ್ಲ ಬರಿ ಎಂದೆ. ಮುಂದಿನ ವಾರ 34 ಮನೆ ಬರೆದು ತಂದಳು. ನೆಂಟರನ್ನು ಹೊಡೆದುಹಾಕು ಎಂದೆ. 12 ಉಳಿದವು. ವಿಮೆಗೆ 12 ಮನೆ ಸಾಲದು. ಪುಡಿಯ ಟೀಮಿಗಂತೂ ಆ ಹೊಡೆದುಹಾಕಿದ 22 ಮನೆಗಳೇ ಬೇಕಾಗುತ್ತಿದ್ದವು. ಅದಕ್ಕೇ ಬೇಡ ಎಂದೆ. ಆ 12ರಲ್ಲಿ 7 ಮನೆಯವರು ಅವಳ ಹತ್ತಿರ ರವಿಕೆ ಹೊಲಿಸಿಕೊಳ್ಳುವವರು. ಸೀರೆಯ ಬಣ್ಣಕ್ಕೆ ಯಾವ ರವಿಕೆ ಹೊಂದುತ್ತದೆ ಎಂದು ಅವಳನ್ನೇ ಕೇಳುತ್ತಾರಂತೆ. ಇದನ್ನು ಅವಳು ಏನೋ ಸಣ್ಣ ವಿಷಯ ಎನ್ನುವಂತೆ ಹೇಳಿದಳು.

ಈ ಆಷಾಢದಲ್ಲಿ ಚಿಕ್ಕಪೇಟೆಗೆ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಹತ್ತು ಸೀರೆಗೆ ಆಗುವಷ್ಟು ದುಡ್ಡು ಮಾತ್ರ ತಾ, ಕಾರ್ಡು ಮನೆಯಲ್ಲೇ ಇರಲಿ ಎಂದು ಹೇಳಿದ್ದೇನೆ.